ನಡೆಯದ ಯುದ್ಧಕ್ಕೆ ಕಟ್ಟಿದ ಊರು

"ಇದರಿಂದ ಒಂದಾದರೂ ಗುಂಡು ಹಾರಿದೆಯೇನಮ್ಮಾ?"

ಕೆನಡಾದ ಕಿಂಗ್‌ಸ್ಟನ್ ಊರಿನ ಮರ್ನಿ ಟವರ್ ಅನ್ನುವ ಹಳೆಯ ಬುರುಜಿನ ಮೇಲೆ ನಿಂತು, ಒಂಟಾರಿಯೊ ಸರೋವರದ ಕಡೆ ಮುಖ ಮಾಡಿದ್ದ ಫಿರಂಗಿಯನ್ನು ಸವರುತ್ತಾ ಅಪ್ಪ ಕೇಳಿದ ಪ್ರಶ್ನೆ ಇದು. ಶತ್ರುವಿನ ಮೇಲೆ ಒಂದೂ ಹಾರಿಲ್ಲ ಅಂದೆ. ಅಪ್ಪ ಹೌದಾ ಅಂದು ಗೋಡೆ ನೋಡಲು ಹೋದರು. ಅವರು ಪಿಡಬ್ಲ್ಯುಡಿಯಲ್ಲಿ ಇದ್ದು ನಿವೃತ್ತರಾದವರು. ಕಲ್ಲಿನ ಕಟ್ಟಡ ಕಂಡರೆ ಅವರ ಕಣ್ಣು ಮೊದಲು ಸಂದಿಗೆ ಹೋಗುತ್ತದೆ. ಸೈಜುಗಲ್ಲು ಹೇಗೆ ಕೂತಿದೆ, ಗಾರೆ ಎಷ್ಟು ಹಿಡಿದಿದೆ, ಉಳಿಯ ಏಟು ಯಾವ ಕಡೆಯಿಂದ ಬಿದ್ದಿದೆ, ಇದೇ ಅವರ ವಿಚಾರ. "ಕೆಲಸ ಮಾಡಿದವನು ಗಟ್ಟಿಗ ಕಣಮ್ಮಾ, ನೂಲು ಹಿಡಿದ ಹಾಗಿದೆ ನೋಡು ವರಸೆ," ಅಂದರು. ಪ್ರಶ್ನೆಯನ್ನು ಅವರು ಅಲ್ಲೇ ಮರೆತರು. ನನಗೆ ಅದು ಅಂಟಿಕೊಂಡುಬಿಟ್ಟಿತು. ಯಾಕೆಂದರೆ ಆ ಊರಲ್ಲಿ ನೋಡುವಂಥದ್ದು ಅಂತ ಯಾವುದನ್ನು ತೋರಿಸುತ್ತಾರೋ, ಅದರಲ್ಲಿ ಮುಕ್ಕಾಲು ಪಾಲಿಗೆ ಈ ಪ್ರಶ್ನೆ ಕೇಳಿದರೂ ಅದೇ ಉತ್ತರ ಬರುತ್ತದೆ.

ಟೊರೊಂಟೊ ಸುತ್ತಮುತ್ತಲಿನ ನಮ್ಮ ಜನ ಈ ಊರನ್ನು ಜಾಸ್ತಿ ನೋಡುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮನನ್ನು ಥೌಸಂಡ್ ಐಲ್ಯಾಂಡ್ಸ್‌ಗೆ ಕರೆದುಕೊಂಡು ಹೋಗುವಾಗ ಹೈವೇ ಪಕ್ಕದಲ್ಲೇ ಕಾಫಿ ಕುಡಿದು, ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದು ಮುಂದೆ ಹೋಗುತ್ತೇವೆ. ಊರಿನ ಒಳಗೆ ಬಂದರೆ ಮಾತ್ರ ಆ ನೀಲಿ ಮಿಶ್ರಿತ ಬೂದು ಬಣ್ಣದ ಸುಣ್ಣಕಲ್ಲು ಕಾಣುವುದು. ಚರ್ಚು, ಕೋರ್ಟು, ಜೈಲು, ಅಂಗಡಿ, ಮನೆ, ಎಲ್ಲಾ ಅದರದ್ದೇ. ಊರಿನ ಅಡಿಯಲ್ಲೇ ಇರುವ ಬಂಡೆ ಅದು. ಸುಮಾರು 45 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿದ್ದಾಗ ತಳದಲ್ಲಿ ಕೂತ ಕೆಸರು ಗಟ್ಟಿಯಾಗಿ ಆದದ್ದು. ಸ್ವಲ್ಪ ಹುಡುಕಿದರೆ ಕಲ್ಲಿನ ಮೈಯಲ್ಲಿ ಚಿಪ್ಪಿನ ಗುರುತು ಸಿಗುತ್ತದೆ. 1840ರಲ್ಲಿ ದೊಡ್ಡ ಬೆಂಕಿ ಬಿದ್ದು ಪೇಟೆಯ ಮರದ ಕಟ್ಟಡಗಳು ಸುಟ್ಟುಹೋದ ಮೇಲೆ ಜನ ಇನ್ನಷ್ಟು ಕಲ್ಲಿಗೆ ತಿರುಗಿದರು. ಕೆನಡಾದಲ್ಲಿ ಇದಕ್ಕೆ ಲೈಮ್‌ಸ್ಟೋನ್ ಸಿಟಿ ಅಂತಲೇ ಹೆಸರು.

ಬರದೇ ಹೋದ ಶತ್ರು

ಒಂಟಾರಿಯೊ ಸರೋವರ ಮುಗಿದು ಸೇಂಟ್ ಲಾರೆನ್ಸ್ ನದಿ ಶುರುವಾಗುವ ಜಾಗ ಇದು. ಕಟಾರಕ್ವಿ ನದಿಯೂ ಇಲ್ಲೇ ಬಂದು ಸೇರುತ್ತದೆ. ದೋಣಿಯೇ ದಾರಿಯಾಗಿದ್ದ ಕಾಲದಲ್ಲಿ ಇಂಥ ಮೂಲೆಯನ್ನು ಯಾರೂ ಸುಮ್ನೆ ಬಿಡುವುದಿಲ್ಲ. ಫ್ರೆಂಚ್ ಗವರ್ನರ್ ಫ್ರಾಂಟೆನಾಕ್ 1673ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. 1758ರಲ್ಲಿ ಬ್ರಿಟಿಷರು ಅದನ್ನು ಹಿಡಿದು ಕೆಡವಿದರು. ಅಮೆರಿಕ ಸ್ವತಂತ್ರವಾದ ಮೇಲೆ ರಾಜನ ಪಕ್ಷದಲ್ಲಿದ್ದವರು ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದು ನೆಲೆಸಿದರು. ಅಲ್ಲಿಂದ ಮುಂದೆ ಈ ಊರಿನ ಚಿಂತೆ ಒಂದೇ. ನೀರಿನ ಆಚೆ ದಡದಲ್ಲಿ ಅಮೆರಿಕ ಇದೆ, ಯಾವತ್ತು ಬರುತ್ತಾರೋ?

ಒಂದು ಸಲ ಬಂದರು ಕೂಡ. ಬ್ರಿಟನ್ನಿಗೂ ಅಮೆರಿಕಕ್ಕೂ ಯುದ್ಧ ನಡೆಯುತ್ತಿದ್ದ 1812ರ ನವೆಂಬರಿನಲ್ಲಿ ಅಮೆರಿಕದ ಹಡಗುಗಳು ರಾಯಲ್ ಜಾರ್ಜ್ ಅನ್ನುವ ಬ್ರಿಟಿಷ್ ಹಡಗನ್ನು ಅಟ್ಟಿಸಿಕೊಂಡು ಕಿಂಗ್‌ಸ್ಟನ್ ಬಂದರಿನ ಬಾಯಿಯವರೆಗೆ ಬಂದವು. ಎರಡೂ ಕಡೆಯಿಂದ ಗುಂಡು ಹಾರಿತು. ಆಮೇಲೆ ಅವು ವಾಪಸ್ಸಾದವು. ಆದರೆ ಅವತ್ತಿನ ಭಯ ಮುಂದೆ ನಲವತ್ತು ವರ್ಷ ಇಲ್ಲಿ ಕಲ್ಲು ಕೆತ್ತಿಸಿತು ಅಂತ ನನಗನ್ನಿಸುತ್ತದೆ.

ಮೊದಲು ಹಡಗು. ಬಂದರಿನ ಎದುರಿನ ಪಾಯಿಂಟ್ ಫ್ರೆಡರಿಕ್‌ನಲ್ಲಿ, ಈಗ ಮಿಲಿಟರಿ ಕಾಲೇಜು ಇರುವಲ್ಲಿ, ನೌಕಾಪಡೆಯ ಹಡಗುಕಟ್ಟೆ ಇತ್ತು. ಅಲ್ಲಿ ಸೇಂಟ್ ಲಾರೆನ್ಸ್ ಅನ್ನುವ 112 ಫಿರಂಗಿಗಳ ಯುದ್ಧನೌಕೆ ಕಟ್ಟಿದರು. ಬ್ರಿಟನ್ನಿನ ಹೆಸರಾಂತ ನೌಕಾಧಿಪತಿ ನೆಲ್ಸನ್‌ನ ವಿಕ್ಟರಿ ಹಡಗಿಗಿಂತ ಜಾಸ್ತಿ ಫಿರಂಗಿ! ಸಮುದ್ರಕ್ಕೆ ಹೋಗಲು ದಾರಿಯೇ ಇಲ್ಲದ ಸಿಹಿನೀರಿನ ಸರೋವರದಲ್ಲಿ. ಫಿರಂಗಿ, ಹಗ್ಗ, ಲಂಗರು ಎಲ್ಲಾ ಇಂಗ್ಲೆಂಡಿನಿಂದ ಬರಬೇಕಿತ್ತು. ಸೇಂಟ್ ಲಾರೆನ್ಸ್ ನದಿಯ ರಭಸದ ಎದುರು ಚಪ್ಪಟೆ ದೋಣಿಗಳಲ್ಲಿ ಅಷ್ಟನ್ನೂ ಎಳೆದು ತಂದರು. 1814ರ ಸೆಪ್ಟೆಂಬರಿನಲ್ಲಿ ಹಡಗು ನೀರಿಗಿಳಿಯಿತು. ಅದನ್ನು ಕಂಡ ಅಮೆರಿಕದ ಹಡಗುಗಳು ತಮ್ಮ ಬಂದರಿನಿಂದ ಹೊರಗೆ ಬರಲಿಲ್ಲ. ಡಿಸೆಂಬರಿನಲ್ಲಿ ಶಾಂತಿ ಒಪ್ಪಂದವಾಯಿತು. ಒಂದೇ ಒಂದು ಕಾಳಗ ನೋಡದ ಆ ಹಡಗು 1832ರಲ್ಲಿ 25 ಪೌಂಡಿಗೆ ಮಾರಾಟವಾಯಿತು. ಅದರ ಹೊಟ್ಟೆಭಾಗ ಇವತ್ತಿಗೂ ದಡದ ಹತ್ತಿರ ಕಡಿಮೆ ಆಳದ ನೀರಿನಲ್ಲಿ ಬಿದ್ದಿದೆ.

ಆಮೇಲೆ ಕಾಲುವೆ. ಅಮೆರಿಕದವರು ಸೇಂಟ್ ಲಾರೆನ್ಸ್ ನದಿಯನ್ನು ಮುಚ್ಚಿಬಿಟ್ಟರೆ ಕಿಂಗ್‌ಸ್ಟನ್‌ಗೆ ಸೈನ್ಯ ಹೇಗೆ ಕಳಿಸುವುದು ಅನ್ನುವ ಭಯದಿಂದ 1826ರಲ್ಲಿ ರಿಡೋ ಕಾಲುವೆ ಶುರುವಾಯಿತು. ಕರ್ನಲ್ ಜಾನ್ ಬೈ ಆರು ವರ್ಷದಲ್ಲಿ 202 ಕಿಲೋಮೀಟರ್ ಮುಗಿಸಿದ. ಒಂದು ತುದಿ ಇಲ್ಲಿ, ಇನ್ನೊಂದು ತುದಿ ಬೈಟೌನ್ ಅನ್ನುವ ಹೊಸ ಊರಿನಲ್ಲಿ. ಆ ಬೈಟೌನೇ ಮುಂದೆ ಆಟವಾ ಆಗಿ ದೇಶದ ರಾಜಧಾನಿಯಾಯಿತು. ಯುದ್ಧಕ್ಕೆಂದು ತೋಡಿದ ಕಾಲುವೆಯಲ್ಲಿ ಯುದ್ಧದ ದೋಣಿ ಹೋಗಲೇ ಇಲ್ಲ. ಕಾಲುವೆಯ ಬಾಯಿ ಕಾಯಲು 1832ರಿಂದ 1836ರವರೆಗೆ ಈಗಿನ ಫೋರ್ಟ್ ಹೆನ್ರಿ ಕಟ್ಟಿದರು. ಅದನ್ನೂ ಯಾರೂ ಮುತ್ತಲಿಲ್ಲ. 1840ರ ದಶಕದಲ್ಲಿ ಅತ್ತ ಪೆಸಿಫಿಕ್ ಕರಾವಳಿಯ ಆರಿಗನ್ ಗಡಿಯ ಬಗ್ಗೆ ಬ್ರಿಟನ್ ಮತ್ತು ಅಮೆರಿಕಕ್ಕೆ ಜಗಳ ಬಿತ್ತು. ಅದರ ಬಿಸಿಗೆ ಇಲ್ಲಿ ನಾಲ್ಕು ದುಂಡು ಬುರುಜುಗಳು ಎದ್ದವು. ಅಪ್ಪ ಪ್ರಶ್ನೆ ಕೇಳಿದ ಮರ್ನಿ ಟವರ್ ಅವುಗಳಲ್ಲೊಂದು. ನೀರಿನ ಕಡೆಗೆ ಗೋಡೆ ದಪ್ಪ, ಊರಿನ ಕಡೆಗೆ ತೆಳು. ಮೇಲೆ ಫಿರಂಗಿ ಸುತ್ತಲು ದುಂಡಗಿನ ಕಬ್ಬಿಣದ ಹಳಿ. ಜಗಳ 1846ರ ಜೂನ್‌ನಲ್ಲೇ ಬಗೆಹರಿಯಿತು. ಬುರುಜುಗಳು ಮುಗಿದದ್ದು 1848ರಲ್ಲಿ. ಇನ್ನು ಹದಿನೈದು ಇಪ್ಪತ್ತು ವರ್ಷದಲ್ಲಿ ಹೊಸ ಬಗೆಯ ಫಿರಂಗಿಗಳು ಬಂದು ಅಂಥ ಗೋಡೆಗಳೇ ಕೆಲಸಕ್ಕೆ ಬಾರದಂತಾದವು.

ಇವನ್ನೆಲ್ಲ ಹಣ ಹಾಳು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇಷ್ಟೆಲ್ಲ ಕಟ್ಟಿದ್ದಕ್ಕೇ ಶತ್ರು ಬರಲಿಲ್ಲ ಅಂತ ಹೇಳುವವರಿದ್ದಾರೆ. ಆ ದೊಡ್ಡ ಹಡಗಿನ ವಿಷಯದಲ್ಲಿ ಅದು ನಿಜವೂ ಹೌದು. 2007ರಲ್ಲಿ ಕಾಲುವೆ, ಫೋರ್ಟ್ ಹೆನ್ರಿ, ಬುರುಜುಗಳು ಎಲ್ಲಾ ಸೇರಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹೋದವು. ಹೋಗಬೇಕಾದ್ದೇ. ಅಷ್ಟು ಚೆನ್ನಾದ ಕೆಲಸ.

ಮೂರು ವರ್ಷದ ರಾಜಧಾನಿ

ಸಿಟಿ ಹಾಲ್ ಎದುರು ನಿಂತರೆ ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಕಟ್ಟಡ ಯಾಕೆ ಅನ್ನಿಸದೇ ಇರುವುದಿಲ್ಲ. ನೆತ್ತಿಯ ಮೇಲೆ ಗುಮ್ಮಟ, ಸರೋವರದ ಕಡೆಗೆ ಕಂಬಗಳ ಮುಖಮಂಟಪ. 1841ರಲ್ಲಿ ಮೇಲಿನ ಕೆನಡಾ (ಈಗಿನ ಒಂಟಾರಿಯೊ ಕಡೆ), ಕೆಳಗಿನ ಕೆನಡಾ (ಈಗಿನ ಕ್ವಿಬೆಕ್ ಕಡೆ) ಎರಡನ್ನೂ ಸೇರಿಸಿ ಒಂದು ಪ್ರಾಂತ ಮಾಡಿದಾಗ ಕಿಂಗ್‌ಸ್ಟನ್ ಅದರ ಮೊದಲ ರಾಜಧಾನಿಯಾಯಿತು. ಊರಿನವರಿಗೆ ಹಿಗ್ಗೋ ಹಿಗ್ಗು. ಜಾರ್ಜ್ ಬ್ರೌನ್ ಅನ್ನುವ ಶಿಲ್ಪಿಯಿಂದ ನಕ್ಷೆ ಮಾಡಿಸಿ, 1843ರಲ್ಲಿ ಅಡಿಗಲ್ಲು ಹಾಕಿ, ರಾಜಧಾನಿಗೆ ತಕ್ಕ ಹಾಲ್ ಕಟ್ಟಲು ಹೊರಟರು. ಕಟ್ಟಡ ಮುಗಿದ 1844ರಲ್ಲೇ ರಾಜಧಾನಿ ಮಾಂಟ್ರಿಯಲ್‌ಗೆ ಹೋಯಿತು. ಮನೆ ಮುಂದೆ ಚಪ್ಪರ ಎದ್ದ ಮೇಲೆ ಗಂಡಿನ ಕಡೆಯವರು ಬೇಡ ಅಂದ ಹಾಗಾಯಿತು ಊರಿನ ಪಾಡು. ಸಾಲ ಉಳಿಯಿತು. ಅಂಗಡಿಗೆ, ಬ್ಯಾಂಕಿಗೆ, ಪೋಸ್ಟಾಫೀಸಿಗೆ, ಹೆಂಡದಂಗಡಿಗೂ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು.

ಈಗ ಹಿಂದುಗಡೆ ಚೌಕದಲ್ಲಿ ಸಂತೆ ನಡೆಯುತ್ತದೆ. 1801ರಿಂದ ನಡೆಯುತ್ತಿರುವ ಸಂತೆ. ಬೇಸಿಗೆಯಲ್ಲಿ ಜೋಳ, ಟೊಮೆಟೊ, ಜೇನು ಇಟ್ಟುಕೊಂಡು ರೈತರು ಕೂತಿರುತ್ತಾರೆ. ಚಳಿಗಾಲದಲ್ಲಿ ಅದೇ ಚೌಕಕ್ಕೆ ನೀರು ಬಿಟ್ಟು ಹೆಪ್ಪುಗಟ್ಟಿಸಿ ಮಕ್ಕಳು ಸ್ಕೇಟ್ ಮಾಡುತ್ತಾರೆ. ರಾಜಧಾನಿ ಇಲ್ಲೇ ಉಳಿದಿದ್ದರೆ ಇವೆಲ್ಲ ಉಳಿಯುತ್ತಿತ್ತಾ? ನನಗೆ ಅನುಮಾನ. ರಾಜಧಾನಿ ಬೆಳೆಯುತ್ತದೆ, ಹಳೆಯದನ್ನು ಒಡೆದು ದೊಡ್ಡದನ್ನು ಕಟ್ಟುತ್ತದೆ. ದುಡ್ಡಿನ ಹೊಳೆ ಬೇರೆ ಕಡೆ ಹರಿದದ್ದರಿಂದಲೇ ಕಿಂಗ್‌ಸ್ಟನ್‌ನ ಹಳೆಯ ಬೀದಿಗಳು ಇಷ್ಟಾದರೂ ಉಳಿದವು ಅಂತ ನನ್ನ ನಂಬಿಕೆ.

ನಡೆದದ್ದು ಎಲ್ಲಿದೆ?

ಹಾಗಾದರೆ ಈ ಊರಲ್ಲಿ ನಿಜವಾಗಿ ನಡೆದದ್ದು ಏನು? ಅದರ ಗುರುತು ಎಲ್ಲಿ? ನನ್ನನ್ನು ಕಾಡಿದ್ದು ಇದು.

ಮರ್ನಿ ಟವರ್‌ನಿಂದ ನಡೆದು ಹೋಗುವಷ್ಟು ಹತ್ತಿರ ಕಿಂಗ್‌ಸ್ಟನ್ ಜನರಲ್ ಆಸ್ಪತ್ರೆ ಇದೆ. 1841ರ ಜೂನ್‌ನಲ್ಲಿ ಕೆನಡಾ ಪ್ರಾಂತದ ಮೊದಲ ಶಾಸನಸಭೆ ಕೂತದ್ದು ಇದೇ ಆಸ್ಪತ್ರೆಯ ಕಟ್ಟಡದಲ್ಲಿ. ಅದನ್ನು ಎಲ್ಲರೂ ಹೇಳುತ್ತಾರೆ. ಆರು ವರ್ಷ ಕಳೆದು 1847ರಲ್ಲಿ ಅದರ ಮಗ್ಗುಲಲ್ಲೇ ಒಂದು ಗುಂಡಿ ತೋಡಿದರು. ಆ ವರ್ಷ ಐರ್ಲೆಂಡಿನ ಬರಗಾಲದಿಂದ ತಪ್ಪಿಸಿಕೊಂಡು ಹಡಗು ಹತ್ತಿದವರು ಟೈಫಸ್ ಜ್ವರ ಹೊತ್ತು ಬಂದಿಳಿದರು. ದಡದಲ್ಲಿ ಶೆಡ್ಡು ಹಾಕಿ ಮಲಗಿಸಿದರು. ಸನ್ಯಾಸಿನಿಯರು ಆರೈಕೆ ಮಾಡಿದರು, ತಾಯಿ ತಂದೆ ಸತ್ತ ಮಕ್ಕಳನ್ನು ಎತ್ತಿಕೊಂಡು ಹೋಗಿ ಸಾಕಿದರು. ಸುಮಾರು 1,400 ಜನ ಸತ್ತರು. ಗುಂಡಿಯ ಮೇಲೆ ಹುಲ್ಲು ಬೆಳೆಯಿತು. 1894ರಲ್ಲಿ ಅಲ್ಲೊಂದು ದೇವದೂತನ ಪ್ರತಿಮೆ ನಿಲ್ಲಿಸಿದರು. 1966ರಲ್ಲಿ ಆಸ್ಪತ್ರೆ ದೊಡ್ಡದು ಮಾಡುವಾಗ ಮೂಳೆಗಳನ್ನೂ ಪ್ರತಿಮೆಯನ್ನೂ ಸೇಂಟ್ ಮೇರಿ ಸ್ಮಶಾನಕ್ಕೆ ಸಾಗಿಸಿದರು. ವೆಸ್ಟ್ ಸ್ಟ್ರೀಟ್ ನೀರಿಗೆ ಮುಟ್ಟುವ ಜಾಗದಲ್ಲಿ ಈಗ ಅವರ ನೆನಪಿಗೆ ಒಂದು ಸಣ್ಣ ಪಾರ್ಕು, ಒಂದು ಐರಿಷ್ ಶಿಲುಬೆ ಇದೆ. ಸಣ್ಣದು. ಗೊತ್ತಿಲ್ಲದವರು ದಾಟಿಕೊಂಡು ಹೋಗುವಷ್ಟು ಸಣ್ಣದು.

ಕಾಲುವೆಯದ್ದೂ ಇದೇ ಕಥೆ. ಜಾನ್ ಬೈ ಹೆಸರು ಎಲ್ಲಾ ಕಡೆ ಇದೆ. ಅಗೆದವರು ಹೆಚ್ಚಾಗಿ ಐರಿಷ್ ಮತ್ತು ಫ್ರೆಂಚ್ ಕೆನಡಾದ ಕೂಲಿಗಳು. ಸುಮಾರು ಸಾವಿರ ಜನ ಪ್ರಾಣ ಕಳೆದುಕೊಂಡರು. ಅದರಲ್ಲಿ ಬಹಳಷ್ಟು ಜನರನ್ನು ಕೊಂದದ್ದು ಮಲೇರಿಯಾ. (ಕೆನಡಾದಲ್ಲಿ ಮಲೇರಿಯಾವಾ ಅಂತ ಅಪ್ಪನೂ ಕೇಳಿದರು. ಹೌದು, ಜೌಗಿನಲ್ಲಿ ಬೇಸಿಗೆಯಿಡೀ ಸೊಳ್ಳೆಗಳ ಮಧ್ಯೆ ಅಗೆದರೆ ಬರುತ್ತಿತ್ತು.)

ಇನ್ನೂ ಹಿಂದೆ ಹೋದರೆ ನೆಲದ ವಿಷಯ ಬರುತ್ತದೆ. 1783ರಲ್ಲಿ ಕ್ಯಾಪ್ಟನ್ ಕ್ರಾಫರ್ಡ್ ಅನ್ನುವ ಬ್ರಿಟಿಷ್ ಅಧಿಕಾರಿ ಮಿಸ್ಸಿಸಾಗಾ ಅನ್ನುವ ಮೂಲನಿವಾಸಿ ಜನರಿಂದ ಈ ಭಾಗದ ಭೂಮಿಯನ್ನೆಲ್ಲ ಪಡೆದ. ಕೊಟ್ಟದ್ದು ಬಟ್ಟೆ, ಬಂದೂಕು, ಮದ್ದುಗುಂಡು. ಆ ಕ್ರಯದ ಪತ್ರವೇ ಉಳಿದಿಲ್ಲ. ಕಂದಾಯದ ಕಾಗದ ಕಂಡ ನಮ್ಮಂಥವರಿಗೆ ಇದನ್ನು ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಒಂದು ಪಹಣಿ, ಒಂದು ಗಡಿಕಲ್ಲು ಇಲ್ಲದೆ ಇಡೀ ಸೀಮೆ ಕೈ ಬದಲಾಯಿತು. ಇವತ್ತು ಅದೇ ಜನರ ಹೆಸರಿನ ಮಿಸ್ಸಿಸಾಗಾ ನಗರದಲ್ಲಿ ಎಷ್ಟೋ ಕನ್ನಡದ ಮನೆಗಳಿವೆ. ಮನೆ ವಿಳಾಸದಲ್ಲಿ ದಿನಾ ಆ ಹೆಸರು ಬರೆಯುತ್ತೇವೆ. ಆ ಜನ ಯಾರು ಅಂತ ನಮ್ಮ ಮಕ್ಕಳಿಗೆ ಒಂದು ಮಾತು ಹೇಳುವುದು ನಮ್ಮ ಜವಾಬ್ದಾರಿಯೂ ಹೌದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಮಾಲಿ ಬ್ರಾಂಟ್ ಅನ್ನುವ, ಮೋಹಾಕ್ ಮೂಲನಿವಾಸಿ ಪಂಗಡದ ಮಹಿಳೆ ಇದ್ದಳು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ವರ್ಷಗಳಲ್ಲಿ ಬ್ರಿಟಿಷರ ಪರವಾಗಿ ತನ್ನ ಜನರನ್ನು ಹಿಡಿದಿಟ್ಟವಳು, ಸೇನಾಪತಿಗಳೇ ಅವಳ ಮಾತಿಗೆ ಕಾಯುತ್ತಿದ್ದರು. ಕೊನೆಯ ವರ್ಷಗಳನ್ನು ಕಿಂಗ್‌ಸ್ಟನ್‌ನಲ್ಲಿ ಕಳೆದು 1796ರಲ್ಲಿ ತೀರಿಕೊಂಡಳು. ಈಗ ಸೇಂಟ್ ಪಾಲ್ ಚರ್ಚ್ ಇರುವ ಆವರಣದಲ್ಲಿ ಅವಳನ್ನು ಮಣ್ಣು ಮಾಡಿದರು. ಸಮಾಧಿ ಯಾವುದು ಅಂತ ಗುರುತಿಲ್ಲ. ಒಂದು ಕಲ್ಲಿಲ್ಲ. ಕಲ್ಲಿನ ಊರಿನಲ್ಲಿ!

ಫೋರ್ಟ್ ಹೆನ್ರಿಯ ಒಳಗೂ ನಿಜವಾಗಿ ನಡೆದದ್ದು ಬೇರೆಯೇ. ಶತ್ರು ಬರಲಿಲ್ಲ, ಆದರೆ 1914ರ ಆಗಸ್ಟಿನಲ್ಲಿ ಉಕ್ರೇನಿನಿಂದ ಬಂದ ಬಡ ಕೂಲಿಗಳನ್ನು ತಂದು ಅಲ್ಲಿ ಕೂಡಿಹಾಕಲು ಶುರುಮಾಡಿದರು. ಅವರು ಹೊಟ್ಟೆಪಾಡಿಗೆ ಬಂದವರು. ಅವರ ಊರು ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು ಅನ್ನುವುದೇ ಅವರು ಮಾಡಿದ ತಪ್ಪು. ಬೇಸಿಗೆಯ ಸಂಜೆ ಕೆಂಪು ಅಂಗಿ ತೊಟ್ಟ ಹುಡುಗ ಹುಡುಗಿಯರು ಅಲ್ಲಿ 1860ರ ದಶಕದ ಸೈನಿಕರಂತೆ ಕವಾಯತು ಮಾಡುತ್ತಾರೆ, ಫಿರಂಗಿ ಹಾರಿಸುತ್ತಾರೆ. ನೋಡಲು ಬಹಳ ಚೆನ್ನಾಗಿರುತ್ತದೆ. ಉಕ್ರೇನಿನವರ ಬಗ್ಗೆ ಒಂದು ಫಲಕ ಇದೆ. ಅದರ ಮುಂದೆ ನಿಲ್ಲುವವರು ಕಡಿಮೆ.

ಜೈಲಿನಲ್ಲಿ

ಕಲ್ಲು ನಿಂತ ಕಡೆ ಏನೂ ನಡೆಯಲಿಲ್ಲ, ನಡೆದ ಕಡೆ ಕಲ್ಲಿಲ್ಲ ಅನ್ನುವ ನನ್ನ ಈ ಮಾತಿಗೆ ಒಂದು ಕಟ್ಟಡ ಒಪ್ಪುವುದಿಲ್ಲ. ಕಿಂಗ್‌ಸ್ಟನ್ ಪೆನಿಟೆನ್ಶರಿ. 1835ರಲ್ಲಿ ತೆರೆದ ಜೈಲು, 2013ರ ಸೆಪ್ಟೆಂಬರ್‌ವರೆಗೆ ನಡೆಯಿತು. ಅಲ್ಲಿ ಕಲ್ಲೂ ಇದೆ, ನಡೆದದ್ದೂ ಇದೆ. ಆ ಕಲ್ಲನ್ನು ಒಡೆದು ಕಟ್ಟಿದವರಲ್ಲಿ ಕೈದಿಗಳೇ ಇದ್ದರು.

ಈಗ ಒಳಗೆ ಟಿಕೆಟ್ ತೆಗೆದುಕೊಂಡು ನೋಡಬಹುದು. ಅಲ್ಲಲ್ಲಿ ನಿವೃತ್ತ ಕಾವಲುಗಾರರು ನಿಂತು ತಾವು ಕಂಡದ್ದನ್ನು ಹೇಳುತ್ತಾರೆ. ನಮಗೆ ಸಿಕ್ಕಿದ ವ್ಯಕ್ತಿ ದೊಡ್ಡ ಮೈಕಟ್ಟಿನವರು, ಮೆಲುದನಿಯವರು. ಎಲ್ಲಾ ಕಡೆಯಿಂದ ಸಾಲುಗಳು ಬಂದು ಕೂಡುವ ಆ ದುಂಡನೆಯ ಅಂಕಣದಲ್ಲಿ ನಿಂತು 1971ರ ದಂಗೆಯ ಬಗ್ಗೆ ಹೇಳಿದರು. ಆಮೇಲೆ ಒಂದು ಕೋಣೆಯ ಕಬ್ಬಿಣದ ಬಾಗಿಲನ್ನು ಎಳೆದು ಮುಚ್ಚಿ ತೋರಿಸಿದರು. ಆ ಸದ್ದಿಗೆ ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಮೊದಮೊದಲಿನ ಕೋಣೆಗಳು ಇದಕ್ಕಿಂತ ಚಿಕ್ಕವಾಗಿದ್ದವಂತೆ, ಎರಡೂವರೆ ಅಡಿಯಷ್ಟೂ ಅಗಲ ಇರಲಿಲ್ಲ. ಅಪ್ಪ ಎರಡು ಕೈಗಳನ್ನು ಅಷ್ಟು ಅಂತರಕ್ಕೆ ಹಿಡಿದು ನೋಡಿದರು. "ತೋಳು ಚಾಚಕ್ಕೂ ಆಗಲ್ಲ," ಅಂದರು. ಅವತ್ತು ಅವರು ಗೋಡೆಯ ಸಂದಿ ನೋಡದೆ ಹೊರಗೆ ಬಂದ ಕಟ್ಟಡ ಅದೊಂದೇ.

ಮೊದಲ ವರ್ಷಗಳಲ್ಲಿ ಇಲ್ಲಿ ಮೌನದ ಕಟ್ಟಳೆ ಇತ್ತು. ಕೈದಿಗಳು ಮಾತಾಡುವಂತಿಲ್ಲ, ನಗುವಂತಿಲ್ಲ, ಸನ್ನೆ ಮಾಡುವಂತಿಲ್ಲ. ದೂರದಿಂದ ಬಂದ ದೊಡ್ಡ ಮನುಷ್ಯರು ನೋಡಿ ಮೆಚ್ಚಿಕೊಂಡು ಹೋಗುತ್ತಿದ್ದರು. 1848ರಲ್ಲಿ ನೇಮಿಸಿದ ತನಿಖಾ ಆಯೋಗ ಒಳಗಿನ ದಂಡನೆಯ ಪುಸ್ತಕ ತೆಗೆದು ನೋಡಿತು. ಪತ್ರಿಕೆಯ ಸಂಪಾದಕನಾಗಿದ್ದ ಜಾರ್ಜ್ ಬ್ರೌನ್ ಅದರ ಕಾರ್ಯದರ್ಶಿ. (ಸಿಟಿ ಹಾಲ್ ಶಿಲ್ಪಿಯ ಹೆಸರೂ ಅದೇ, ಆದರೆ ಇವನು ಬೇರೆ.) ಆಂಟ್ವಾನ್ ಬೋಶೆ ಅನ್ನುವ ಹುಡುಗ ಮೂರು ವರ್ಷದ ಶಿಕ್ಷೆಗೆ ಒಳಗೆ ಬಂದಾಗ ಅವನಿಗೆ 8 ವರ್ಷ. ಒಂಬತ್ತು ತಿಂಗಳಲ್ಲಿ ಅವನಿಗೆ 47 ಸಲ ಚಾಟಿಯೇಟು. ಅಲೆಕ್ ಲಾಫ್ಲರ್, 11 ವರ್ಷ. 1844ರ ಕ್ರಿಸ್‌ಮಸ್ ಹಿಂದಿನ ದಿನ ಅವನಿಗೆ ಏಟು ಬಿದ್ದದ್ದು ಫ್ರೆಂಚ್ ಮಾತಾಡಿದ್ದಕ್ಕೆ. ತನ್ನ ಮನೆಮಾತು ಆಡಿದ್ದಕ್ಕೆ. ಈ ಎರಡು ಹೆಸರು ಓದಿದ ಮೇಲೆ ಆ ಊರಿನ ಸುಣ್ಣಕಲ್ಲನ್ನು ನಾನು ಮೊದಲಿನ ಹಾಗೆ ನೋಡಲಾರೆ.

ಮ್ಯಾಕ್‌ಡೊನಾಲ್ಡ್ ಇಳಿದ ಮೇಲೆ

ಆ ತನಿಖೆಯಲ್ಲಿ ಜೈಲಿನ ವಾರ್ಡನ್ ಪರವಾಗಿ ನಿಂತು ಬ್ರೌನ್ ಮೇಲೆ ಹರಿಹಾಯ್ದವನು ಜಾನ್ ಎ. ಮ್ಯಾಕ್‌ಡೊನಾಲ್ಡ್. ಗ್ಲಾಸ್ಗೊದಲ್ಲಿ ಹುಟ್ಟಿ, 1820ರಲ್ಲಿ ಐದು ವರ್ಷದ ಮಗುವಾಗಿ ಕಿಂಗ್‌ಸ್ಟನ್‌ಗೆ ಬಂದು, ಇಲ್ಲೇ ಓದಿ, ವಕೀಲನಾಗಿ, 1867ರಲ್ಲಿ ಕೆನಡಾದ ಮೊದಲ ಪ್ರಧಾನಿಯಾದವನು. ಅವನ ಸಮಾಧಿಯೂ ಇಲ್ಲೇ ಕಟಾರಕ್ವಿ ಸ್ಮಶಾನದಲ್ಲಿದೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗೆ ಹಾಕುವ ನೀತಿ 1883ರಲ್ಲಿ ಅವನ ಸರ್ಕಾರವೇ ತಂದದ್ದು. ಆ ಶಾಲೆಗಳಲ್ಲೂ ಮನೆಮಾತು ಆಡಿದ ಮಕ್ಕಳಿಗೆ ಹೊಡೆತ ಬೀಳುತ್ತಿತ್ತು.

2021ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಕ್ಯಾಮ್‌ಲೂಪ್ಸ್‌ನ ಹಳೆಯ ವಸತಿ ಶಾಲೆಯ ಹತ್ತಿರ ಗುರುತಿಲ್ಲದ ಸಮಾಧಿಗಳಿರಬಹುದು ಅನ್ನುವ ಸುದ್ದಿ ಬಂತು. ಅದೇ ವರ್ಷದ ಜೂನ್‌ನಲ್ಲಿ ಸಿಟಿ ಪಾರ್ಕಿನಲ್ಲಿ 1895ರಿಂದ ನಿಂತಿದ್ದ ಅವನ ಪ್ರತಿಮೆಯನ್ನು ನಗರಸಭೆ ಕ್ರೇನ್ ತಂದು ಇಳಿಸಿತು. ಇತಿಹಾಸ ಅಳಿಸುತ್ತಿದ್ದಾರೆ ಅಂತ ಆಗ ಬಹಳ ಜನ ನೊಂದುಕೊಂಡರು. ಅವರ ನೋವು ಸುಳ್ಳಲ್ಲ. ಆದರೆ ಒಂದು ಮಾತು ಯೋಚಿಸಬೇಕು, ಅಲ್ವಾ? ಮ್ಯಾಕ್‌ಡೊನಾಲ್ಡ್ ಎಲ್ಲೂ ಅಳಿಸಿಹೋಗಿಲ್ಲ. ಸಮಾಧಿ ಇದೆ, ಅವನು 1848–49ರಲ್ಲಿ ಬಾಡಿಗೆಗಿದ್ದ ಬೆಲ್‌ವ್ಯೂ ಹೌಸ್ ಇದೆ, ಕಟ್ಟುಗಟ್ಟಲೆ ಕಾಗದಪತ್ರ ಇದೆ. ಅಳಿಸಿಹೋದದ್ದು ಮಾಲಿ ಬ್ರಾಂಟ್‌ಳ ಸಮಾಧಿ. ಅಳಿಸಿಹೋದದ್ದು ಕ್ರಯದ ಪತ್ರ.

ಬೆಲ್‌ವ್ಯೂ ಹೌಸನ್ನು ಕೆಲವು ವರ್ಷ ಮುಚ್ಚಿ ದುರಸ್ತಿ ಮಾಡಿ 2024ರಲ್ಲಿ ಮತ್ತೆ ತೆರೆದರು. ಪೀಠೋಪಕರಣ, ತೊಟ್ಟಿಲು, ಪರದೆ ಜೊತೆಗೆ ಈಗ ಅವನ ಸರ್ಕಾರದ ನೀತಿಯಿಂದ ನೊಂದವರ ಮಾತಿಗೂ ಆ ಮನೆಯೊಳಗೆ ಜಾಗ ಕೊಟ್ಟಿದ್ದಾರೆ. ಇದು ಸರಿಯಾದ ದಾರಿ ಅನ್ನಿಸುತ್ತದೆ ನನಗೆ. ಮನೆ ಕೆಡವಬೇಕಿಲ್ಲ, ಬಾಗಿಲು ಹಾಕಬೇಕಿಲ್ಲ, ಇನ್ನೂ ನಾಲ್ಕು ಜನರನ್ನು ಒಳಗೆ ಕರೆಯಬೇಕು. 2022ರ ಡಿಸೆಂಬರಿನಲ್ಲಿ ಕಟಾರಕ್ವಿ ನದಿಯ ಮೇಲೆ ತೆರೆದ ಹೊಸ ಸೇತುವೆಗೂ ಮೂಲನಿವಾಸಿಗಳ ಭಾಷೆಯ ಹೆಸರೇ ಬಂತು, ವಾಬನ್ ಅಂತ.

ಈಗ ಯಾರಾದರೂ ಕಿಂಗ್‌ಸ್ಟನ್‌ಗೆ ಹೋಗುತ್ತೇವೆ ಅಂದರೆ ನಾನು ಹೇಳುವ ದಾರಿ ಬೇರೆ. ಮೊದಲು ವೆಸ್ಟ್ ಸ್ಟ್ರೀಟ್ ಕೊನೆಯ ಸಣ್ಣ ಪಾರ್ಕಿಗೆ ಹೋಗಿ. ಅಲ್ಲಿಂದ ಆಸ್ಪತ್ರೆಯ ಕಡೆ ನಡೆಯಿರಿ, ಆಮೇಲೆ ಮರ್ನಿ ಟವರ್. ಮಧ್ಯಾಹ್ನದ ಹೊತ್ತಿಗೆ ಸೇಂಟ್ ಪಾಲ್ ಚರ್ಚಿನ ಆವರಣ, ಸಿಟಿ ಹಾಲ್, ಹಿಂದಿನ ಸಂತೆ. ಜೈಲಿಗೆ ಟಿಕೆಟ್ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಫೋರ್ಟ್ ಹೆನ್ರಿಯನ್ನು ಕೊನೆಗೆ ಇಟ್ಟುಕೊಳ್ಳಿ, ಅದಕ್ಕೆ ಕಾರು ಬೇಕು. ವಯಸ್ಸಾದವರು ಜೊತೆಗಿದ್ದರೆ ಒಂದು ಸ್ವೆಟರ್ ಇರಲಿ, ಜುಲೈ ತಿಂಗಳಲ್ಲೂ ಸರೋವರದ ಗಾಳಿ ತಣ್ಣಗಿರುತ್ತದೆ.